ಉಪ್ಪಿಲ್ಲದ ಪಾತ್ರೆ

ಗುಂಡಿಯ ನಾಲ್ಕೂ ಕಾಲು ನೀಲಿ.
ಮರಿಯಿದ್ದಾಗ ವಾಷಿಂಗ್ ಯೂನಿಟ್ಟಿನ ಮೋರಿ ಹಾಯ್ದು
ನಮ್ಮ ಹೊಸ್ತಿಲಿಗೆ ಬಂದವಳು.
ಸೀಗೆಪುಡಿ ಹಾಕಿ ತಿಕ್ಕಿದೆ, ಬಿಡಲಿಲ್ಲ.
ಕೌಲ್ ಬಜಾರಿನಲ್ಲಿ ಒಮ್ಮೆ ಹತ್ತಿದ ನೀಲಿ
ನನ್ನ ಉಗುರನ್ನೇ ಇನ್ನೂ ಬಿಟ್ಟಿಲ್ಲ.

ಮೊದಮೊದಲು ಬಿಸ್ಕತ್ತು.
ಐದು ರೂಪಾಯಿ ಪೊಟ್ಟಣದಲ್ಲಿ
ನನಗೆ ಚಹಾದ ಜತೆ ಎರಡು, ಉಳಿದದ್ದು ಅವಳಿಗೆ.
ಆಮೇಲೆ ನಾವು ತಿಂದು ಬಿಟ್ಟ ಒಗ್ಗರಣೆ,
ಮಿರ್ಚಿಯ ಸಿಪ್ಪೆ, ಹಬ್ಬಕ್ಕೆ ಹೋಳಿಗೆಯ ಅಂಚು.
ಬೆನ್ನಿನ ಕೂದಲು ಉದುರತೊಡಗಿತು,
ಮೊದಲು ರೂಪಾಯಿಯಗಲ, ಆಮೇಲೆ ಅಂಗೈಯಗಲ.
ರಾತ್ರಿಯೆಲ್ಲಾ ಕೆರೆಯುವ ಸದ್ದು,
ಎಣ್ಣೆ ಕಾಣದ ಮೆಷಿನ್ನಿನ ಹಾಗೆ.

ದನದ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು:
'ಏನು ಹಾಕ್ತೀರಿ?'
'ನಾವು ತಿಂದಿದ್ದೇ, ಮೇಡಂ.'
'ಅದೇ ತಪ್ಪು.'
ಚೀಟಿಯ ಬೆನ್ನಿಗೆ ಬರೆದುಕೊಟ್ಟರು:
ಉಪ್ಪು ಬೇಡ, ಖಾರ ಬೇಡ,
ಉಳ್ಳಾಗಡ್ಡಿ ಬೆಳ್ಳುಳ್ಳಿ ನೆರಳೂ ಬೇಡ,
ಬೆಂದ ಎಲುಬು ಗಂಟಲಿಗೆ ಸೂಜಿ.

ಅಂಗಡಿಯಲ್ಲಿ ಚೀಲದ ಆಹಾರದ ಬೆಲೆ ಕೇಳಿದೆ.
ಒಂದು ಜೇಬು ಹೊಲಿದರೆ ನನಗೆ ಎರಡು ರೂಪಾಯಿ.
ಆ ಚೀಲದೊಳಗೆ ಏಳುನೂರು ಜೇಬು ಇದ್ದವು.
ನಮಸ್ಕಾರ ಹೇಳಿ ಬಂದೆ.

ಸಿರುಗುಪ್ಪದ ಮಿಲ್ಲಿನ ನುಚ್ಚಕ್ಕಿ, ಮುರಿದದ್ದಾದರೂ ಅಕ್ಕಿಯೇ.
ಸಂತೆ ಎತ್ತುವ ಹೊತ್ತಿಗೆ ಹೋದರೆ
ಒಂದು ಬದಿ ಮೆತ್ತಗಾದ ಕುಂಬಳ;
ಮೆತ್ತಗಿನದು ಕೊಯ್ದೆಸೆದರೆ ನಾಲ್ಕು ದಿನಕ್ಕೆ ಸಾಕು.
ಕೋಳಿ ಅಂಗಡಿಯ ಶೇಕ್ಷಾವಲಿ
ಗಿರಾಕಿಗಳು ಬೇಡವೆಂದ ಕಲ್ಲೀರಲು, ಚೂರು ಪಾರು ಕಟ್ಟಿಡುತ್ತಾನೆ.
'ಇಪ್ಪತ್ತು ಕೊಡಕ್ಕಾ' ಅನ್ನುತ್ತಾನೆ,
ಗುಂಡಿ ಬಾಲ ಆಡಿಸಿದ ದಿನ ಹದಿನೈದು.

ಎಲ್ಲ ಸಲೀಸು, ಈ ಕೈಗೆ ಕಲಿಸುವುದೊಂದೇ ಕಷ್ಟ.
ಇಪ್ಪತ್ತೆರಡು ವರ್ಷ ಒಲೆ ಮುಂದೆ ನಿಂತ ಕೈ,
ನೀರು ಕುದಿ ಬಂತೆಂದರೆ
ನನ್ನನ್ನು ಕೇಳದೆ ಉಪ್ಪಿನ ಡಬ್ಬಿಗೆ ಹೋಗುತ್ತದೆ.
ಎರಡು ಸಲ ಪಾತ್ರೆಯೇ ಕೆಟ್ಟಿತು.
ಡಬ್ಬಿಯನ್ನು ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ಬಚ್ಚಿಟ್ಟೆ,
ನೂಲುಂಡೆಗಳ ನಡುವೆ.
ಆವತ್ತು ನಮ್ಮ ಸಾರೂ ಸಪ್ಪೆ.

'ನಾಯಿಗೆ ಬೇರೆ ಅಡಿಗೆ! ಇನ್ನ ಲಗ್ನ ಮಾಡಿಕೊಡು'
ಅಂತ ಎದುರುಮನೆ ಹುಲಿಗೆಮ್ಮ ನಗುತ್ತಾಳೆ.
ಈಚೆಗೆ ಅವಳೇ ಮೊಟ್ಟೆಯ ಒಡಕು ಚಿಪ್ಪು
ಒಣಗಿಸಿ ಕುಟ್ಟಿ ಕಾಗದದಲ್ಲಿ ತರುತ್ತಾಳೆ,
ಚಿಟಿಕೆ ಸಾಕಂತೆ; ಡಾಕ್ಟರಮ್ಮನನ್ನು ತಾನೇ ಕೇಳಿ ಬಂದಳಂತೆ.

ಒಂದು ರಾತ್ರಿ ಕರೆಂಟು ಹೋಗಿತ್ತು.
ತೋರಣಗಲ್ಲಿನ ಶಿಫ್ಟು ಮುಗಿಸಿ ಬಂದ ನನ್ನ ಗಂಡ
ಕತ್ತಲಲ್ಲೇ ಕೈ ಹಾಕಿ ಉಣ್ಣುತ್ತ ಕುಂತ.
'ಸಪ್ಪಗೈತಲ್ಲೇ ಇವತ್ತು.'
'ಅದು ಗುಂಡೀದು.'
ಅಗಿಯುವ ಸದ್ದು ನಿಂತಿತು.
ಬಾಗಿಲಲ್ಲಿ ಅವಳು ಉಸಿರು ಬಿಟ್ಟದ್ದೂ ಕೇಳಿತು.
ಆಮೇಲೆ ಎರ್ರಿಸ್ವಾಮಿ ಮೆಲ್ಲಗೆ ಅಂದ:
'ಕುಂಬಳಕಾಯಿ ಚೆನ್ನಾಗಿ ಬೆಂದೈತೆ,' ಇನ್ನೊಂದು ತುತ್ತು.

ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕಟ್ಟಿದವರು
ನಾಯಿಯನ್ನು ಕೇಳಿರಲಿಲ್ಲ.
ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು ಅಂತ
ನಮ್ಮವ್ವ ನನಗೆ ನೂರು ಸಲ ಹೇಳಿದ್ದಳು.
ಸರಿ, ಇವಳು ತಿಂದೇ ಇಲ್ಲವಲ್ಲ.
ಡಾಕ್ಟರಮ್ಮನ ಚೀಟಿ ಬಂದ ದಿನದಿಂದ
ನಮ್ಮ ಉಪ್ಪಿನ ಒಂದು ಹರಳೂ ಇವಳ ನಾಲಿಗೆ ಮುಟ್ಟಿಲ್ಲ.
ಯಾವ ಋಣಕ್ಕೆ ಕಟ್ಟಿ ಹಾಕಲಿ ಇವಳನ್ನು?

ಬೆನ್ನ ಮೇಲೆ ಕೂದಲು ಮತ್ತೆ ಬಂದಿದೆ, ಒಂದಿಷ್ಟು ಗುಂಗುರಾಗಿ.
ಓವರ್‌ಟೈಮ್ ಮುಗಿಸಿ ಹನ್ನೊಂದಕ್ಕೆ
ಮೋರಿಯ ಹಲಗೆ ದಾಟುವಾಗ
ಆಚೆ ಅಂಚಿಗೆ ನಾಲ್ಕು ನೀಲಿ ಕಾಲು ನಿಂತಿರುತ್ತವೆ.
ಪಾತ್ರೆಯನ್ನು ಫ್ಯಾನಿನ ಕೆಳಗಿಟ್ಟು ಬಂದಿದ್ದೇನೆ, ಗುಂಡಿ.
ಕರೆಂಟು ಇದ್ದಿದ್ದರೆ
ಆರಿರುತ್ತದೆ ಇಷ್ಟೊತ್ತಿಗೆ.