ಕೊಕ್ಕೆ

ಮಾಚೇನಹಳ್ಳಿಯ ನಾಲ್ಕನೇ ಶೆಡ್ಡಿಗೆ ಅದು ಬಂದಿಳಿದ ದಿನ
ಫೋರ್ಕ್‌ಲಿಫ್ಟಿನ ಗಾಲಿಗೆ ನಿಂಬೆಹಣ್ಣು ಇಟ್ಟು
ಹಾರ ಹಾಕಿ ಒಳಗೆ ಕರೆದುಕೊಂಡೆವು.
ಹಳದಿ ಮೈ, ಆರು ಕೀಲು, ಒಂದೇ ಕೈ.
ತನ್ನದೇ ಬೇಲಿ, ತನ್ನದೇ ಬಾಗಿಲು;
ಹೇಳದೆ ಒಳಗೆ ಹೋದರೆ ಮುನಿಸಿಕೊಂಡು ನಿಂತೇಬಿಡುತ್ತದೆ.
ಸಂಜೆಯೊಳಗೆ ಕ್ಯಾಂಟೀನಿನಲ್ಲಿ
ಅದಕ್ಕೆ 'ಅಳಿಯ' ಅಂತ ಹೆಸರು ಬಿತ್ತು.

ಅಳಿಯನಿಗೆ ಪಾಠ ಹೇಳುವುದು ನನ್ನ ಕೆಲಸ.
ಕೈಯಲ್ಲಿ ಪೆಂಡೆಂಟು, ಅದರ ಬೆನ್ನಿಗೊಂದು ಗುಂಡಿ:
ಹದವಾಗಿ ಒತ್ತಿದರೆ ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ,
ಹೆದರಿ ಹಿಸುಕಿದರೂ ನಿಲ್ಲುತ್ತದೆ.
ಪಕ್ಕದಲ್ಲಿ ಹಾಲೇಶಪ್ಪ,
ಇಪ್ಪತ್ತಾರು ವರ್ಷ ವೆಲ್ಡಿಂಗ್ ಮಾಡಿದ ಕೈ ಹಿಂದೆ ಕಟ್ಟಿಕೊಂಡು.

"ಆ ಮೂಲೇಲಿ ಸ್ವಲ್ಪ ನಿಲ್ಲಬೇಕು ತಂಗಿ."
ಎಷ್ಟು?
"ಸ್ವಲ್ಪ."
ಸ್ವಲ್ಪ ಎಂಬ ಅಂಕಿ ನನ್ನ ಪರದೆಯಲ್ಲಿಲ್ಲ.
ಅವರು ಬೆಸೆದು ತೋರಿಸಿದರು. ಮೊಬೈಲಿನಲ್ಲಿ ಹಿಡಿದು,
ನಿಧಾನಕ್ಕೆ ಓಡಿಸಿ, ಎಣಿಸಿದೆ:
ಸೊನ್ನೆ ಬಿಂದು ನಾಲ್ಕು ಸೆಕೆಂಡು.
ಇಣುಕಿ ನೋಡಿ
"ಇಷ್ಟೇನಾ?" ಅಂದರು.

ಗೆರೆ ಮುಗಿಯುವಲ್ಲಿ ಅವರ ಮಣಿಕಟ್ಟು
ಒಂದು ಸಣ್ಣ ಕೊಕ್ಕೆ ಹೊಡೆಯುತ್ತಿತ್ತು,
ಅಕ್ಷರಕ್ಕೆ ಕೊಂಬು ಕೊಟ್ಟ ಹಾಗೆ.
ಕೊನೆಯ ಗುಳಿ ತುಂಬುವ ಉಪಾಯವಿರಬೇಕು ಅಂದುಕೊಂಡು
ಅದನ್ನೂ ಕಲಿಸಿದೆ, ಮೂರು ಬಿಂದುಗಳಲ್ಲಿ.

ಟೀ ಹೊತ್ತಿಗೆ ಹೇಳಿದರು,
ಉಪಾಯವೂ ಅಲ್ಲ ಮಣ್ಣೂ ಅಲ್ಲ:
ಹೊಳೆಹೊನ್ನೂರು ರಸ್ತೆಯಲ್ಲಿ ಲೂನಾದಿಂದ ಬಿದ್ದು
ನಾಟಿ ಕಟ್ಟು ಹಾಕಿಸಿ, ಮೂಳೆ ಸೊಟ್ಟ ಕೂಡಿಕೊಂಡು,
ಅವತ್ತಿನಿಂದ ಕೈ ತಾನಾಗಿ ಹಾಗೆ ತಿರುಗುತ್ತದೆ.
ಅಳಿಸಲಾ? ಎಂದೆ.
ಲೋಟದ ತಳದ ಸಕ್ಕರೆ ಅಲ್ಲಾಡಿಸುತ್ತ
"ತೂಕ ತಡೆಯುತ್ತಾ ನೋಡು ಮೊದಲು."
ಎಳೆದು ನೋಡಿದೆವು. ತಡೆಯಿತು.
ಬಿಟ್ಟೆ.

ಈಗ ಅವರು ಸ್ಟೋರಿನಲ್ಲಿ
ನಟ್ಟು ಬೋಲ್ಟು ತೂಗಿ ಚೀಟಿ ಬರೆಯುತ್ತಾರೆ.
ಶೆಡ್ಡಿನಲ್ಲಿ ಮೂವರು ಅಳಿಯಂದಿರು;
ಪಾಳಿಗೆ ಒಂಬೈನೂರು ಬ್ರ್ಯಾಕೆಟ್ಟು,
ಒಂದೊಂದರ ತುದಿಗೂ ಲೂನಾದಿಂದ ಬಿದ್ದ ಕೊಕ್ಕೆ,
ಮೇಲೆ ಕಪ್ಪು ಪೇಂಟು.
ಊಟಕ್ಕೆ ಹೋಗುವಾಗ ಬೇಲಿಯ ಬಳಿ ತಡೆಯುತ್ತಾರೆ.
ಅಳಿಯ ಗೆರೆಯ ಕೊನೆಗೆ ಬಂದಾಗ
ಹಾಲೇಶಪ್ಪನ ಬಲಗೈ
ಪ್ಯಾಂಟಿನ ಜೇಬೊಳಗೇ ತಿರುಗುತ್ತದೆ.

ನಿನ್ನೆ ಹೊಸೂರಿನ ಘಟಕದಿಂದ ಒಬ್ಬ ಹುಡುಗನ ಫೋನು,
ಪ್ರೋಗ್ರಾಂ ಅಲ್ಲಿಗೂ ಹೋಗಿದೆ.
"ಕೊನೆಯಲ್ಲಿ ಇದೇನು ಮೇಡಂ, ಬಾಲ?
ಪೀಸಿಗೆ ಮುಕ್ಕಾಲು ಸೆಕೆಂಡು ದಂಡ. ತೆಗೆದುಬಿಡಲಾ?"

ಲೆಕ್ಕ ಅವನದೇ ಸರಿ.
ಕಿಟಕಿಯ ಪಕ್ಕದಲ್ಲೇ ನಿಂತಿದ್ದೆ, ಐದು ಗೀಟೂ ತುಂಬಿತ್ತು.
ಹಲೋ, ಹಲೋ ಎಂದೆ,
ಮಲೆನಾಡು ಕಣೋ ಇದು, ಟವರ್ ಸಿಗಲ್ಲ.