ಹಿತ್ತಲ ತಲೆ ಬಾಚಿ

ಆರ್ಮಿಡೇಲಿನಲ್ಲಿ ಚೈತ್ರವೆಂದರೆ ಎಲೆ ಉದುರುವ ಕಾಲ.
ಅಂಚೆಯಲ್ಲಿ ಬಂದ ಪಂಚಾಂಗ ಚಿಗುರು ಅನ್ನುತ್ತಿತ್ತು,
ಕಿಟಕಿ ಒಪ್ಪುತ್ತಿರಲಿಲ್ಲ.
ಅಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡು
ಉಕ್ಕುವ ಹಾಲು ಇಳಿಸಿ
"ಹಿತ್ತಲ ತಲೆ ಬಾಚಿ ಬನ್ನಿ, ಹೋಗಿ" ಅನ್ನುತ್ತಿದ್ದಳು.

ಬಾಚುವುದಕ್ಕೆ ಒಂದೇ ರೇಕು.
ಹಿಡಿ ಅಪ್ಪನಷ್ಟು ಎತ್ತರ, ಬಿದಿರಿನ ಹಲ್ಲು,
ನಡುವಿನ ಎರಡು ನಾವು ಬರುವ ಮೊದಲೇ ಮುರಿದದ್ದು.
ಎಷ್ಟು ಎಳೆದರೂ ಅದರ ಹಿಂದೆ
ಎಲೆಗಳ ಒಂದು ಸಣ್ಣ ಗೆರೆ ಉಳಿಯುತ್ತಿತ್ತು,
ಬೈತಲೆ ತಿರುಗುಮುರುಗಾದ ಹಾಗೆ.
ಅಕ್ಕ ಮಂದಾಕಿನಿ ಎಳೆಯುವವಳು,
ನಾನು ಗೆರೆ ಹೆಕ್ಕುವವನು.

ಎಲ್ಮ್ ಮರ ಪಕ್ಕದ ಮನೆಯ ಹ್ಯಾಲೊರನ್ ಅವರದು,
ಎಲೆ ನಮ್ಮದು.
ಪಡುವಣ ಗಾಳಿ ಇರುವ ತನಕ
ಈ ಒಪ್ಪಂದ ಬದಲಾಗದು ಅಂತ ಅಪ್ಪ.
ಹ್ಯಾಲೊರನ್ ಬೇಲಿಯ ಮೇಲೆ ಮೊಣಕೈ ಊರಿ
ಚಹಾ ಹೀರುತ್ತ ನಮ್ಮನ್ನು ನೋಡುತ್ತಿದ್ದರು.
ಸಂಜೆಗೊಂದು ಚೀಲ ವಾಲ್‌ನಟ್,
ಬಾಡಿಗೆಯೋ ತಪ್ಪುಕಾಣಿಕೆಯೋ.
ಸಿಪ್ಪೆ ಸುಲಿದರೆ ಬೆರಳು ವಾರವಿಡೀ ಕಪ್ಪು.
"ತೊಳೆದರೆ ಹೋಗತ್ತಾ ನಿನ್ನ ಬಣ್ಣ?" ಅಂತ
ಶಾಲೆಯಲ್ಲಿ ಕೇಳಿದ ಡೆಸ್ಮಂಡ್.
ಅವನ ಬೆರಳೂ ಕಪ್ಪೇ.
ಅವರ ಹಿತ್ತಲಲ್ಲೂ ಒಂದು ಮರವಿತ್ತು.

ಅಪ್ಪ ಏಣಿ ಹತ್ತಿ ಸೂರಿನ ದೋಣಿಗೆ ಕೈ ಹಾಕಿ
ಕೊಳೆತ ಎಲೆಯ ಮುದ್ದೆ ಎಸೆಯುತ್ತಿದ್ದ,
ಎಸೆದ ಮೇಲೆ "ಹುಷಾರು!" ಅನ್ನುತ್ತಿದ್ದ.
ಟೆನಿಸ್ ಚೆಂಡು, ಮ್ಯಾಗ್‌ಪೈ ಗರಿ,
ಒಮ್ಮೆ ಯಾರದೋ ಹಲ್ಲಿನ ಸೆಟ್ಟು.
ಅದು ಯಾರದೆಂದು ಇವತ್ತಿನವರೆಗೂ ಗೊತ್ತಾಗಿಲ್ಲ.

ಹಬ್ಬದ ದಿನ ಮಾತ್ರ ಇನ್ನೊಂದು ಕೆಲಸ:
ಹುಲ್ಲು ಕೆದಕಿ ಡ್ಯಾಂಡೆಲಿಯನ್ ಎಲೆ ಕಿತ್ತು ತರುವುದು.
ವರ್ಷವಿಡೀ ಕಳೆ,
ಆ ಒಂದು ಬೆಳಗ್ಗೆ ಬೇವು.
ಬೆಲ್ಲದ ಜಾಗದಲ್ಲಿ ಕಂದು ಸಕ್ಕರೆ.
ಮಂದಾಕಿನಿ ಸಕ್ಕರೆಯನ್ನಷ್ಟೇ ನೆಕ್ಕಿ
ಕಹಿಯನ್ನು ನನ್ನ ಅಂಗೈಗೆ ಸಾಗಿಸಿ
ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದಳು.

ಕೂಲಿ, ಹನ್ನೆರಡು ಮೂಲೆಯ ಐವತ್ತು ಸೆಂಟಿನ ನಾಣ್ಯ.
ಒಂದೇ. ಇಬ್ಬರಿಗೆ.
ಆರು ಮೂಲೆ ನಿನಗೆ, ಆರು ನನಗೆ ಅಂತ
ಉಗುರಿನಲ್ಲಿ ಎಣಿಸಿ ಹಂಚಿಕೊಂಡದ್ದು
ಖರ್ಚಾಗಲೇ ಇಲ್ಲ ಎಷ್ಟೋ ದಿನ.

ಈಗ ಅವಳು ಡಾರ್ವಿನ್ನಿನಲ್ಲಿ.
ಅಲ್ಲಿ ಮಳೆ ಉಂಟು, ಸೆಕೆ ಉಂಟು,
ಮೈಮೇಲಿನದೆಲ್ಲ ಕಳಚಿ ನಿಲ್ಲುವ ಮರಗಳ ಬೀದಿಯಿಲ್ಲ.
ಏಪ್ರಿಲ್ ಕೊನೆಗೆ ಫೋನು ಮಾಡುತ್ತಾಳೆ,
ಕ್ಷೇಮ ಕೇಳುವುದಿಲ್ಲ.
"ಸದ್ದು ಕೇಳಿಸು" ಅನ್ನುತ್ತಾಳೆ.
ಫೋನನ್ನು ಕಣಕಾಲ ಹತ್ತಿರ ಹಿಡಿದು
ಬಗ್ಗಿಕೊಂಡೇ ಹಿತ್ತಲ ತುಂಬ ನಡೆಯುತ್ತೇನೆ,
ಚರಪರ ಚರಪರ,
ಐವತ್ತಮೂರರ ಮನುಷ್ಯ, ಬಾತಿನ ಹಾಗೆ.
ಆ ಕಡೆ ಉಸಿರು ಮಾತ್ರ.
"ಒಣಗಿಲ್ಲ ಇನ್ನೂ ಸರಿಯಾಗಿ,
ಭಾನುವಾರ ಮತ್ತೆ ಮಾಡ್ತೀನಿ."

ಬೀದಿಯಲ್ಲೆಲ್ಲ ಎಲೆ ಊದುವ ಯಂತ್ರಗಳು,
ಒಬ್ಬರ ಎಲೆ ಇನ್ನೊಬ್ಬರಂಗಳಕ್ಕೆ,
ಮಧ್ಯಾಹ್ನದ ಮೇಲೆ ಅವರದು ಇವರಿಗೆ.
ನಾನು ಮಾತ್ರ ಏನೂ ಮಾಡದೆ
ಮೆಟ್ಟಿಲ ಬಿಸಿಲಲ್ಲಿ ಕೂತಿರುತ್ತೇನೆ.
ಸೌದೆ ಹೊಗೆಯ ವಾಸನೆ, ಕಾಲ ಬೆರಳಿಗೆ ಚಳಿ,
ಬೆನ್ನಿಗೆ ಮಾತ್ರ ಬೆಚ್ಚಗೆ.
ಉದುರಲಿ, ಹಾಸಲಿ,
ಯಾರಪ್ಪನ ಮನೆ ಗಂಟು ಹೋಗತ್ತೆ.

ಇವತ್ತು ಪಕ್ಕದ ಮನೆಯ ಹುಡುಗಿ ಇಮೋಜೆನ್
ಶೆಡ್ಡಿನಿಂದ ಆ ರೇಕು ಎಳೆದು ತಂದಳು.
ಬಾಚಿದರೆ ಎಷ್ಟು ಕೊಡ್ತೀಯ?
ಐವತ್ತು ಸೆಂಟು ಅಂದೆ.
ನಕ್ಕಳು. ಹತ್ತು ಡಾಲರಿಗೆ ಕುದುರಿತು.
ಬೇಲಿಯಿಂದ ಬೇಲಿಗೆ ಎಳೆದು, ತಿರುಗಿ ನೋಡಿ,
ಈ ಗೆರೆ ಯಾಕೆ ಬರ್ತಾ ಇಲ್ಲ ಅಂದಳು.

ಅದು ನನ್ನ ಪಾಲು ಅಂದೆ.
ಎದ್ದು ಹೋಗಿ ಬಗ್ಗಿದೆ. ಮಂಡಿ ಲಟಕ್ಕೆಂದಿತು.
ಎಲೆ ಬೀಳುತ್ತಲೇ ಇತ್ತು,
ಈಗಷ್ಟೇ ಬಾಚಿದ ಕಡೆಗೇ.