ಗೇಟ್ ಸೂಸೈ

ಅವನ ಮುಖ ನನಗೆ ಅಷ್ಟು ಗೊತ್ತಿಲ್ಲ.
ಹದಿಮೂರು ವರ್ಷ ನಾನು ನೋಡಿದ್ದು ಬೆನ್ನು:
ಐದನೇ ನಂಬರು, ಬಲಗಡೆ ಹೊಲಿಗೆ ಬಿಟ್ಟ ಜರ್ಸಿ,
ಬೆವರಿಗೆ ಅಂಟಿಕೊಂಡು ಎಲುಬು ಕಾಣಿಸುವ ಬೆನ್ನು.
ನಾನು ಗೋಲ್‌ಕೀಪರ್. ಬಲೆಯ ಮುಂದೆ ನಾನು,
ನನ್ನ ಮುಂದೆ ಸೂಸೈ,
ಅವನ ಮುಂದೆ ಉಳಿದ ಲೋಕ.

ಭದ್ರಾವತಿಯ ಕಾರ್ಖಾನೆ ಮೈದಾನದಲ್ಲಿ
ಹುಲ್ಲಿಗಿಂತ ಕಿಟ್ಟದ ಚೂರೇ ಜಾಸ್ತಿ.
ಬಿದ್ದರೆ ಮೊಣಕಾಲಿಗೆ ಕಬ್ಬಿಣ ಹತ್ತುತ್ತಿತ್ತು.
ಎರಡು ಗಂಟೆಯ ಸೈರನ್ ಕೂಗಿದ್ದೇ ತಡ
ಫೌಂಡ್ರಿಯವರು ಮಸಿ ಮುಖದಲ್ಲೇ ಬಂದು
ಗೆರೆಯ ಸುತ್ತ ಕುಕ್ಕರುಗಾಲಲ್ಲಿ ಕೂರುವರು.
ಎದುರು ತಂಡದ ಚಿಗರೆಯಂಥ ಹುಡುಗ
ಚೆಂಡು ತಂದನೋ, ಒಂದೇ ಕೂಗು:
"ಗೇಟ್ ಹಾಕೋ ಸೂಸೈ!"
ಹಾಕಿಬಿಡುತ್ತಿದ್ದ.
ರೈಲು ಬರೋ ಹೊತ್ತಿಗೆ ಹಾಕುವ ಹಾಗೆ,
ಅವಸರವಿಲ್ಲದೆ, ಸಿಟ್ಟಿಲ್ಲದೆ,
ನಿಂತವರಿಗೆ ಬೈಯಲೂ ಮನಸ್ಸು ಬಾರದ ಹಾಗೆ.

ಗೋಲು ಹೊಡೆದವರ ಹೆಸರು ಎಲ್ಲಿ ಹೋಯಿತೋ.
ಬ್ರಾಡ್ರಿಕ್ ಅಂತ ಒಬ್ಬನಿದ್ದ, ಒಂದೇ ಸೀಸನ್ನಿಗೆ ಇಪ್ಪತ್ತೆರಡು;
ಅವನ ಮನೆ ಯಾವ ಕ್ರಾಸು ಅಂತ ಕೇಳಿ, ಯಾರಿಗೂ ಗೊತ್ತಿಲ್ಲ.
ಸೂಸೈಗೆ ಮಾತ್ರ ಇವತ್ತಿಗೂ
ಜನ್ನಾಪುರದ ಮೀನಂಗಡಿಯಲ್ಲಿ ತಲೆಯನ್ನು ತೂಕಕ್ಕೆ ಹಾಕುವುದಿಲ್ಲ,
ಕ್ಷೌರದಂಗಡಿಯ ಮೊಹಿದ್ದೀನ್ ದುಡ್ಡು ಮುಟ್ಟುವುದಿಲ್ಲ,
ಸೇತುವೆ ಮೇಲೆ ಲಾರಿಯವನು ಬ್ರೇಕ್ ಒತ್ತಿ
"ಗೇಟ್ ತೆಗೀರಿ ಸಾರ್" ಅಂತ ನಕ್ಕು ಹೋಗುತ್ತಾನೆ.
ಆ ಹುಡುಗನಿಗೆ ಇಪ್ಪತ್ತೈದೂ ಆಗಿರಲಿಕ್ಕಿಲ್ಲ.
ಅಪ್ಪ ಹೇಳಿರಬೇಕು. ಆಗದೇ ಹೋದ ಗೋಲುಗಳನ್ನು
ಮಕ್ಕಳಿಗೆ ಹೇಗೆ ಹೇಳುತ್ತಾರೋ, ನನಗೆ ತಿಳಿಯದು.

ಮೊನ್ನೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ,
ಕಿವಿ ಮುಚ್ಚುವಷ್ಟು ದೊಡ್ಡ ಮೈಸೂರು ಪೇಟ.
ಮೈಕಿನ ಹುಡುಗ ಕೇಳಿದ: "ಒಟ್ಟು ಎಷ್ಟು ಗೋಲು ಸಾರ್?"
"ಒಂದು," ಅಂದ ಸೂಸೈ, "ನಮ್ಮದೇ ಬಲೆಗೆ."
ಶಾಮಿಯಾನ ಹಾರುವಂತೆ ನಕ್ಕರು ಜನ.
ಅವನೂ ನಕ್ಕ.

ನಾನು ಎರಡನೇ ಸಾಲಿನಲ್ಲಿದ್ದೆ, ಕಾಫಿ ಲೋಟ ಹಿಡಿದು.
ಎಂಬತ್ತೊಂಬತ್ತರ ಫೈನಲ್ಲು, ಕೊನೆಯ ನಾಲ್ಕು ನಿಮಿಷ,
ಹೊಳೆ ಕಡೆಯಿಂದ ಬಂದ ಎತ್ತರದ ಚೆಂಡು.
"ನಂದು, ಬಿಡು" ಅಂತ ಕೂಗಬೇಕಾದವನು ನಾನು.
ಕೂಗಲಿಲ್ಲ. ಬಾಯಿ ಒಣಗಿತ್ತು,
ಅಥವಾ ಅವನಿದ್ದಾನಲ್ಲ ಎಂದುಕೊಂಡೆ.
ನಾನಿನ್ನೂ ಗೆರೆಯಲ್ಲೇ ಇದ್ದೇನೆಂದು
ತಲೆಯಲ್ಲಿ ಮೆಲ್ಲಗೆ ಹಿಂದಕ್ಕೆ ಕೊಟ್ಟ;
ನಾನು ಆಗಲೇ ಮುಂದೆ ಬಂದಿದ್ದೆ.

ಅದೊಂದು ಸಲ ತಿರುಗಿ ನೋಡಿದ.
ಏನೂ ಅನ್ನಲಿಲ್ಲ.
ಚೆಂಡನ್ನು ಬಲೆಯಿಂದ ತಾನೇ ಬಿಡಿಸಿ
ನಡುಗೆರೆವರೆಗೆ ಒಯ್ದು ಇಟ್ಟ,
ಯಾರದೋ ಮಗುವನ್ನು ಮನೆಗೆ ಬಿಟ್ಟು ಬರುವ ಹಾಗೆ.

ಸಭೆ ಮುಗಿದ ಮೇಲೆ ಬುಟ್ಟಿಯಿಂದ
ಒಂದು ಮೂಸಂಬಿ ತೆಗೆದು ನನ್ನ ಕಡೆ ಎಸೆದ.
ಹಿಡಿದೆ.
"ಕೈ ಇನ್ನೂ ಐತಲ್ಲೋ ನಿಂಗೆ" ಅಂದ.
ಹೇಳಿಬಿಡೋಣವೆಂದು ತಲೆಯೆತ್ತಿದೆ.
ಅವನು ಆಗಲೇ ತಿರುಗಿ, ಬಗ್ಗಿ,
ಕುರ್ಚಿಗಳ ಕೆಳಗೆ ಚಪ್ಪಲಿ ಹುಡುಕುತ್ತಿದ್ದ.